ಕೇಳಿದ್ದು ಸಿಗುವುದಿಲ್ಲ, ಕೊಟ್ಟದ್ದು ಓದಿ

“ಒಂದ್ ಒಳ್ಳೇ ಕಾದಂಬರಿ ಇದ್ರೆ ಹೇಳಿ ಸಾರ್” ಎಂದು ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಓದುವವರಲ್ಲ. ಮಳೆಯ ಮಾತು ಮುಗಿದಿರುತ್ತದೆ, ಕಾಫಿ ಇನ್ನೂ ಒಳಗಿನಿಂದ ಬಂದಿರುವುದಿಲ್ಲ, ಎದುರಿಗೆ ಪುಸ್ತಕದ ಕಪಾಟು ಕಾಣುತ್ತದೆ. ಅದಕ್ಕೇ ಆ ಪ್ರಶ್ನೆ. ಇಂಥವರ ಕೈಗೆ ನಾನು ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ವನ್ನು ಇಡುತ್ತೇನೆ. ಸಾವಿರ ಪುಟ ದಾಟಿದ ಪುಸ್ತಕ. ಕೈಗೆ ಭಾರ ತಿಳಿದ ಕೂಡಲೇ ಅವರ ಮಾತು ತಾನಾಗಿ ಮಳೆಯ ಕಡೆಗೆ ತಿರುಗುತ್ತದೆ. ಹಿಡಿದವರು ಅದನ್ನು ಬಿಡದೆ ಓದುತ್ತಾರೆ ಎಂಬುದು ಬೇರೆ ವಿಷಯ.

ಉಳಿದ ಕಾಲು ಪಾಲಿನವರೇ ಅಪಾಯ. ಅವರು ನಿಜವಾಗಿಯೂ ಓದುತ್ತಾರೆ. ತಮಗೆ ಏನು ಬೇಕೆಂಬುದೂ ತಮಗೆ ಗೊತ್ತು ಎಂದುಕೊಂಡಿರುತ್ತಾರೆ. “ನಂಗೆ ಪತ್ತೇದಾರಿ ಮಾತ್ರ.” “ಸಾಂಸಾರಿಕ ಇದ್ರೆ ಕೊಡಿ.” “ಐತಿಹಾಸಿಕ ಬಿಟ್ರೆ ಬೇರೇದು ಮುಟ್ಟಲ್ಲ.” ಇದು ಹಳೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಹಚ್ಚಿಟ್ಟು ಹೋದ ಚಟ. ರಟ್ಟಿನ ಬೈಂಡು, ಬೆನ್ನಿನ ಮೇಲೆ ನಂಬರು, ಒಂದು ಗೂಡಿನಲ್ಲಿ ಸಾಯಿಸುತೆ, ಪಕ್ಕದ ಗೂಡಿನಲ್ಲಿ ಎನ್. ನರಸಿಂಹಯ್ಯ, ಓದುಗರೂ ಹಾಗೇ ಗೂಡು ಸೇರಿಬಿಟ್ಟರು. ನನ್ನದು ಇದಕ್ಕೆ ಪೂರಾ ಉಲ್ಟಾ ಪದ್ಧತಿ. ಕೇಳಿದ್ದನ್ನು ಕೊಡುವುದಿಲ್ಲ. ಕೇಳಿದವರಿಗೆ ಬೇಕಾದ ರುಚಿ ಅವರು ಎಂದೂ ಕೈಹಾಕದ ಗೂಡಿನಲ್ಲಿ ಇನ್ನೂ ಹದವಾಗಿ ಇರುತ್ತದೆ ಎಂಬುದು ನನ್ನ ನಂಬಿಕೆ.

ಪತ್ತೇದಾರಿಯಿಂದಲೇ ಶುರು ಮಾಡೋಣ. ನರಸಿಂಹಯ್ಯನವರನ್ನು ನಾನು ಹಗುರ ಮಾಡುತ್ತಿಲ್ಲ. 500ರ ಆಸುಪಾಸು ಕಾದಂಬರಿ ಬರೆದ ಮನುಷ್ಯ. ಸಭೆಗಳಲ್ಲಿ “ನಾನು ಕಾರಂತರಿಂದ ಓದು ಶುರು ಮಾಡಿದೆ” ಎನ್ನುವ ಹಿರಿಯರಲ್ಲಿ ಅರ್ಧಕ್ಕರ್ಧ ಜನ ನಿಜವಾಗಿ ಶುರು ಮಾಡಿದ್ದು ಪತ್ತೇದಾರ ಪುರುಷೋತ್ತಮನಿಂದ, ಅದೂ ಗಣಿತದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು. ನಾವು ನವೆಂಬರಿನಲ್ಲಿ ಹಾರಿಸುವ ಹಳದಿ–ಕೆಂಪು ಬಾವುಟ ಮಾಡಿಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಹೀಗಾಗಿ ಆ ಗೂಡಿಗೆ ಕೈಮುಗಿದೇ ಹೇಳುತ್ತೇನೆ: ಪತ್ತೇದಾರಿ ಬೇಕೆಂದವರಿಗೆ ನಾನು ಕೊಡುವುದು ತೇಜಸ್ವಿಯವರ ‘ಕರ್ವಾಲೊ’.

“ಇದ್ರಲ್ಲಿ ಕೊಲೆ ಎಲ್ಲಿದೆ?” ಎಂದರು ಒಬ್ಬ ಗೆಳೆಯರು.

“ಕೊಲೆ ಇಲ್ಲ. ಆದ್ರೆ ಕಾಣೆಯಾದವರು ಇದ್ದಾರೆ.”

“ಯಾರು?”

“ಒಂದು ಓತಿ.”

ಅವರು ನನ್ನ ಮುಖ ನೋಡಿದ ರೀತಿ ಹೇಳಲಾರೆ. ಆದರೆ ಯೋಚಿಸಿ. ಮೂಡಿಗೆರೆ, ಜೇನಿನ ವ್ಯವಹಾರ, ಮದುವೆಯ ಹುಚ್ಚು ಹಿಡಿದ ಮಂದಣ್ಣ, ಕಿವಿ ಎಂಬ ನಾಯಿ, ಬಿರಿಯಾನಿ ಕರಿಯಪ್ಪ. ಇಂಥ ತಂಡ ಕಟ್ಟಿಕೊಂಡು ಒಬ್ಬ ವಿಜ್ಞಾನಿ ಕಾಡಿಗೆ ಹೊರಡುತ್ತಾನೆ, ಜಗತ್ತಿನಿಂದ ಎಂದೋ ಅಳಿದಿರಬೇಕಾದ ಹಾರುವ ಓತಿಯೊಂದರ ಜಾಡು ಹಿಡಿದು. ಸುಳಿವು ಇದೆ, ಸಾಕ್ಷಿ ಇದೆ, ಸಾಕ್ಷಿ ಹೇಳುವವನ ಮೇಲೆ ಯಾರಿಗೂ ನಂಬಿಕೆ ಇಲ್ಲ. ಪತ್ತೇದಾರಿಗೆ ಇನ್ನೇನು ಬೇಕು? 1980ರಲ್ಲಿ ಬಂದ ಪುಸ್ತಕ, ಇವತ್ತಿಗೂ ಹದಿನಾಲ್ಕರ ಹುಡುಗನಿಗೆ ಕೊಟ್ಟರೆ ಊಟಕ್ಕೆ ಏಳುವುದಿಲ್ಲ. ಗೆಳೆಯರು ಓದಿ ಮುಗಿಸಿ ಫೋನ್ ಮಾಡಿ ಕೇಳಿದ್ದು ಒಂದೇ: “ಮಂದಣ್ಣ ಈಗ ಎಲ್ಲಿದ್ದಾನೆ?”

ದೆವ್ವದ ಕಾದಂಬರಿ ಕೇಳುವವರದು ಇನ್ನೊಂದು ಪಂಗಡ. ಇವರೆಲ್ಲ ತೆಲುಗಿನ ಯಂಡಮೂರಿಯವರ ‘ತುಳಸಿದಳ’ವನ್ನು ಕನ್ನಡದಲ್ಲಿ ಓದಿ, ರಾತ್ರಿ ಬಚ್ಚಲಿಗೆ ಹೋಗಲು ಜೊತೆಗೆ ತಮ್ಮನನ್ನು ಎಬ್ಬಿಸಿದವರು. ಆ ಭಯ ಮತ್ತೆ ಬೇಕಂತೆ. ಸ್ವಾಮಿ, ಈಗ ನಿಮಗೆ ಐವತ್ತು. ನಿಂಬೆಹಣ್ಣು, ಕುಂಕುಮ, ಗೊಂಬೆಗೆ ಚುಚ್ಚಿದ ಸೂಜಿ, ಇವುಗಳಿಗೆಲ್ಲ ನೀವು ಇನ್ನು ಹೆದರುವವರಲ್ಲ. ನಿಮಗೆ ಹೆದರಿಕೆ ಇರುವುದು ಆಫೀಸಿನಿಂದ ಬರುವ ಪತ್ರಕ್ಕೆ. ಆದ್ದರಿಂದ ತೆಗೆದುಕೊಳ್ಳಿ ಯಶವಂತ ಚಿತ್ತಾಲರ ‘ಶಿಕಾರಿ’, 1979ರದ್ದು. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನಿಗೆ ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತು. ಏಕೆ, ಯಾರು ಹೇಳಿದ್ದು, ಯಾರು ನಗುತ್ತ ಬೆನ್ನಿಗೆ ಚೂರಿ ಹಾಕಿದ್ದು, ಒಂದೂ ಗೊತ್ತಿಲ್ಲ. ಚಿತ್ತಾಲರು ಹನೇಹಳ್ಳಿಯವರಾದರೂ ಬದುಕು ನಡೆಸಿದ್ದು ಮುಂಬಯಿಯಲ್ಲಿ, ರಸಾಯನ ಉದ್ಯಮದಲ್ಲಿ. ಆ ಲೋಕದ ನಗೆ, ಶೇಕ್‌ಹ್ಯಾಂಡು, ಮುಚ್ಚಿದ ಬಾಗಿಲು ಎಲ್ಲ ಅವರಿಗೆ ಒಳಗಿನಿಂದ ಗೊತ್ತು. ಇದನ್ನು ಓದಿದ ನಮ್ಮ ಪಕ್ಕದ ಮನೆಯ ಮ್ಯಾನೇಜರು ವಾರವಿಡೀ ಯಾರಾದರೂ “ಗುಡ್ ಮಾರ್ನಿಂಗ್” ಎಂದರೆ “ಯಾಕೆ?” ಎನ್ನುತ್ತಿದ್ದರು. ದೆವ್ವ ಬಿಡಿಸುವವರು ಸಿಗುತ್ತಾರೆ, ಇದನ್ನು ಬಿಡಿಸುವವರು ಯಾರು?

ಸಾಂಸಾರಿಕ ಕಾದಂಬರಿ ಕೇಳಿದ್ದು ನಮ್ಮ ಅತ್ತಿಗೆ. ವಾಣಿ, ತ್ರಿವೇಣಿ, ಎಂ. ಕೆ. ಇಂದಿರಾ, ಉಷಾ ನವರತ್ನರಾಂ ಎಲ್ಲ ಅರೆದು ಕುಡಿದವರು. ತ್ರಿವೇಣಿಯವರ ಹೆಸರೆತ್ತಿದರೆ ‘ಶರಪಂಜರ’ದ ಕಾವೇರಿಗಾದ ಅನ್ಯಾಯಕ್ಕೆ ಇವತ್ತಿಗೂ ಕಣ್ಣು ಒರೆಸಿಕೊಳ್ಳುತ್ತಾರೆ, ಆಮೇಲೆ ಅದೇ ಕಣ್ಣಿನಲ್ಲಿ ಧಾರಾವಾಹಿ ನೋಡುತ್ತಾರೆ.

“ಮನೆ, ಮದುವೆ, ಜಗಳ ಇರ್ಬೇಕಪ್ಪಾ. ತಲೆ ತಿನ್ನೋದು ಬೇಡ.”

“ಇದೆ ಅತ್ತಿಗೆ. ಶುರುವಿನಲ್ಲೇ ಮದುವೆ ವಯಸ್ಸು ಮೀರ್ತಿರೋ ಮೊಮ್ಮಗಳು. ಅಜ್ಜನಿಗೆ ಅದೇ ಚಿಂತೆ. ಕನ್ಯಾಶುಲ್ಕದ ರಗಳೆ ಬೇರೆ. ದಾಯಾದಿ ವ್ಯಾಜ್ಯ, ಅತ್ತೆ ಸೊಸೆ, ಒಬ್ಬಳಿಗೆ ಐದು ಜನ ಗಂಡಂದಿರು.”

“ಅಯ್ಯೋ! ಯಾರದು?”

“ಭೈರಪ್ಪನವರದು. ‘ಪರ್ವ’.”

ಪುಸ್ತಕ ನೋಡಿ “ಮಹಾಭಾರತ ಅಲ್ವೇನೋ ಇದು, ನನಗೆ ಗೊತ್ತಿಲ್ವಾ” ಎಂದು ಮುನಿಸಿಕೊಂಡರು. ಗೊತ್ತಿರುವುದು ಶಾಪ–ವರ–ಚಕ್ರಗಳ ಮಹಾಭಾರತ. ಇಲ್ಲಿ ಅವು ಯಾವುವೂ ಇಲ್ಲ. ಮೊಣಕಾಲು ನೋಯುವ ಮುದುಕರು, ಹೊಟ್ಟೆಯ ಸಂಕಟ ಹೇಳಿಕೊಳ್ಳುವ ಹೆಂಗಸರು, ಯುದ್ಧಕ್ಕೆ ಬಂದ ಸೈನ್ಯಕ್ಕೆ ಊಟ ಎಲ್ಲಿಂದ, ಕಕ್ಕಸು ಎಲ್ಲಿ ಎಂಬ ಲೆಕ್ಕ. ಮದ್ರದ ಶಲ್ಯನ ಮನೆಯಲ್ಲಿ ಮೊಮ್ಮಗಳ ಮದುವೆಯ ಮಾತಿನಿಂದ ಕಥೆ ಏಳುತ್ತದೆ ಎಂದದ್ದು ನನ್ನ ಕಟ್ಟುಕಥೆ ಅಲ್ಲ, ಹೋಗಿ ನೋಡಿ. ಅತ್ತಿಗೆ ಈಗ ಕುಂತಿಯನ್ನು “ಅವಳು” ಎನ್ನುತ್ತಾರೆ, ಮೂರನೇ ಬೀದಿಯಲ್ಲಿ ಇರುವವಳ ಹಾಗೆ. ನನ್ನ ಕಮಿಷನ್ನು ಒಂದು ಡಬ್ಬಿ ಕೋಡುಬಳೆ.

ಐತಿಹಾಸಿಕದವರ ಜೊತೆ ಮಾತ್ರ ನಾನು ಸೋತು, ಕೇಳಿದ್ದನ್ನೇ ಕೊಡುತ್ತೇನೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ಎದುರು ಯಾವ ತಂತ್ರ ನಡೆಯುತ್ತದೆ? ಕೊನೆಗೆ ಏನಾಗುತ್ತದೆ ಎಂಬುದನ್ನು ಹೆಸರಿನಲ್ಲೇ ಹೇಳಿಬಿಟ್ಟ ಪುಸ್ತಕ ಅದು. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಹೋಗುವುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ಓದುವವನು ಕೊನೆಯ ಪುಟಗಳಲ್ಲಿ ‘ಈ ಸಲ ಮದಕರಿ ಉಳಿದರೂ ಉಳಿಯಬಹುದು’ ಎಂದು ಆಸೆ ಪಡುತ್ತಾನೆ. ಇಂಗ್ಲಿಷ್ ಥ್ರಿಲ್ಲರು ಓದಿ ಕೊನೆ ಯಾರಾದರೂ ಹೇಳಿಬಿಟ್ಟಾರು ಎಂದು ಕಿವಿ ಮುಚ್ಚಿಕೊಳ್ಳುವ ನನ್ನ ಸೋದರಳಿಯನಿಗೆ ಇದನ್ನು ಕೊಡಬೇಕೆಂದಿದ್ದೇನೆ.

ಆ ಸೋದರಳಿಯನದ್ದು ವೈಜ್ಞಾನಿಕ ಕಾದಂಬರಿಯ ಖಯಾಲಿ ಕೂಡ. “ಟೈಮ್ ಟ್ರಾವೆಲ್ ಕನ್ನಡದಲ್ಲಿ ಇಲ್ವೇ ಇಲ್ಲ ಮಾವ” ಎಂದು ಕೊರಗುತ್ತಾನೆ. ಇಲ್ಲವೇ? ಮೂಡೂರು ಎಂಬ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಬಾಲವಿಧವೆ. ಮೊಮ್ಮಗ ಸುಬ್ಬರಾಯ ಹಳೆಯ ವಸ್ತು ಯಾವುದನ್ನಾದರೂ ತಂದು ಕೈಯಲ್ಲಿಟ್ಟರೆ ಸಾಕು, ಸಾವಿರಾರು ವರ್ಷ ಹಿಂದಕ್ಕೆ ಹೋಗಿ ಅಲ್ಲಿ ಕಂಡದ್ದನ್ನು ಹೇಳುತ್ತಾಳೆ. ಬ್ಯಾಟರಿ ಇಲ್ಲ, ಬಟನ್ ಇಲ್ಲ. ಅಲ್ಲಿಂದ ಮರಳಿ ಬಂದವಳು ದೇವರ ಬಗ್ಗೆ, ಗಂಡು–ಹೆಣ್ಣಿನ ಬಗ್ಗೆ ಆಡುವ ಮಾತಿಗೆ ಈಗಿನ ಟೀವಿ ಚರ್ಚೆಯವರು ಮೂರ್ಛೆ ಹೋಗಬೇಕು. 1968ರ ‘ಮೂಕಜ್ಜಿಯ ಕನಸುಗಳು’ ಇದು. ಕಾರಂತರಿಗೆ ಜ್ಞಾನಪೀಠ ತಂದ ಕೃತಿ. ಆ ಪ್ರಶಸ್ತಿಯ ಹೆಸರು ಕೇಳಿದರೆ ಸೋದರಳಿಯ ಓಡಿಹೋಗುತ್ತಾನೆ ಎಂದು ಅದನ್ನು ಹೇಳದೆ ಕೊಟ್ಟಿದ್ದೇನೆ.

ಪ್ರೇಮಕಥೆ ಕೇಳುವ ಹುಡುಗಿಯರಿಗೆ ‘ಮಲೆಗಳಲ್ಲಿ ಮದುಮಗಳು’. ಅವರಿಗೆ ಒಂದು ಜೋಡಿ ಸಾಕಾಗಿತ್ತು. ಕುವೆಂಪು ಗುತ್ತಿ–ತಿಮ್ಮಿ, ಐತ–ಪಿಂಚಲು, ಮುಕುಂದಯ್ಯ–ಚಿನ್ನಮ್ಮ ಎಂದು ಸಾಲಾಗಿ ನಿಲ್ಲಿಸುತ್ತಾರೆ. ಪಾರ್ಕು, ಕಾಫಿ ಡೇ ಯಾವುದೂ ಇಲ್ಲ. ಮಳೆ, ಇಂಬಳ, ಕತ್ತಲು, ಜೊತೆಗೆ ಹುಲಿಯ ಎಂಬ ನಾಯಿ. ಆ ನಾಯಿಯ ವಿಷಯ ಮಾತ್ರ ನನ್ನನ್ನು ಕೇಳಬೇಡಿ.

“ತೆಳ್ಳಗಿರೋದು ಕೊಡಿ, ಟೈಮಿಲ್ಲ” ಎನ್ನುವವರಿಗೆ ದೇವನೂರ ಮಹಾದೇವರ ‘ಕುಸುಮಬಾಲೆ’. ಜೇಬಿನಲ್ಲಿ ಹಿಡಿಯುತ್ತದೆ, ವರ್ಷಗಟ್ಟಲೆ ತಲೆಯಿಂದ ಇಳಿಯುವುದಿಲ್ಲ. ಒಂದೇ ಸಂಜೆಯಲ್ಲಿ ಮುಗಿಯಲೇಬೇಕು ಎಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಅದನ್ನು ಓದಿದ ದಂಪತಿಗಳು ಮನೆಯಲ್ಲಿ ಇರುವೆ ಕಂಡರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚು ಹೇಳಿದರೆ ನಾನು ಕೆಟ್ಟವನಾಗುತ್ತೇನೆ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಬಂದರು. ಹಣೆಯಲ್ಲಿ ಅಕ್ಷತೆ, ಕೈಯಲ್ಲಿ ಪಂಚಾಂಗ. ನನ್ನ ಪದ್ಧತಿಯ ಸುದ್ದಿ ಅವರ ಕಿವಿಗೂ ಬಿದ್ದಿದೆ.

“ನೋಡಯ್ಯಾ, ನಿನ್ನ ಕುಚೋದ್ಯ ನನ್ನ ಹತ್ರ ಬೇಡ. ಆಚಾರ, ಅಗ್ರಹಾರ, ವೇದಾಂತ ಇರೋ ಪುಸ್ತಕ ಇದ್ರೆ ಕೊಡು.”

ನಾನು ಎರಡೂ ಕೈಯಲ್ಲಿ ಹಿಡಿದು ಅನಂತಮೂರ್ತಿಯವರ ‘ಸಂಸ್ಕಾರ’ ಒಪ್ಪಿಸಿದೆ.

“ನೀವು ಕೇಳಿದ್ದೇ ಮೇಷ್ಟ್ರೇ. ದೂರ್ವಾಸಪುರದ ಅಗ್ರಹಾರ, ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು, ಧರ್ಮಶಾಸ್ತ್ರದ ಜಿಜ್ಞಾಸೆ. ಶುರುವಾಗೋದೇ ಸ್ನಾನ, ಪೂಜೆಯಿಂದ. ಮಡಿಯಲ್ಲೇ ಕೂತು ಓದಬಹುದು.”