ಕಾಲೇಜುಪ್ರವೇಶಭಾರ ಹಸ್ತಾಂತರ ಮೀಮಾಂಸೆ

ಯಾವ ಶಾಸ್ತ್ರವನ್ನು ಬರೆಯಹೊರಟವನೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನವೆಂಬ ಅನುಬಂಧ ಚತುಷ್ಟಯವನ್ನು ಮೊದಲಿಗೆ ನಿರೂಪಿಸತಕ್ಕದ್ದೆಂದು ಪ್ರಾಚೀನರು ವಿಧಿಸಿರುವುದರಿಂದಲೂ, ಹಾಗೆ ಮಾಡಿದರೆ ಗ್ರಂಥದ ಮೊದಲ ಪುಟ ಹೆಚ್ಚಿನ ಪ್ರಯಾಸವಿಲ್ಲದೆ ತುಂಬುವುದೆಂಬ ಸೌಕರ್ಯವಿರುವುದರಿಂದಲೂ, ನಾವು ಆ ಮಾರ್ಗವನ್ನೇ ಅನುಸರಿಸುತ್ತೇವೆ. ಇಲ್ಲಿ ವಿಷಯವೆಂದರೆ, ಹದಿಮೂರು ಹದಿನಾಲ್ಕರ ಪ್ರಾಯದ ಮಗುವು ಕಾಲೇಜಿನ ಸಿದ್ಧತೆಯ ಹೊಣೆಯನ್ನು ತಾನೇ ಹೊರುವಂತೆ ಮಾಡುವ ವಿಧಾನ. ಪ್ರಯೋಜನವೆಂದರೆ ತಂದೆತಾಯಿಗಳ ನಿದ್ರೆ. ಸಂಬಂಧವು ರಕ್ತಸಂಬಂಧ. ಅಧಿಕಾರಿ ಯಾರೆಂಬಲ್ಲಿ ಮಾತ್ರ ಕಿಂಚಿತ್ ಕ್ಲೇಶವುಂಟು: ಹೊರತಕ್ಕವರು ಮಕ್ಕಳಾದುದರಿಂದ ಓದತಕ್ಕವರೂ ಅವರೇ ಎಂದು ಮೇಲುನೋಟಕ್ಕೆ ತೋರಿದರೂ, ಇಂತಹ ಪ್ರಬಂಧವನ್ನು ಯಾರೂ ಹೇಳದೆ ಎತ್ತಿಕೊಂಡು ಕೊನೆಮುಟ್ಟ ಓದುವ ಮಗುವಿಗೆ ಇದರ ಅಗತ್ಯವೇ ಇರದಾದ್ದರಿಂದ, ತಂದೆತಾಯಿಗಳನ್ನೇ ಅಧಿಕಾರಿಗಳೆಂದು ಪರಿಗ್ರಹಿಸಿದ್ದೇವೆ.

ಇನ್ನು ದೇಶಕಾಲಗಳ ವಿಚಾರ. ಅನೇಕ ದೇಶಗಳಲ್ಲಿ ಕಾಲೇಜೆಂಬುದು ಹದಿನೆಂಟರ ಹೊಸ್ತಿಲಲ್ಲಿ ಎದುರಾದರೆ, ಕರ್ನಾಟಕದಲ್ಲಿ ಅದು ಪದವಿಪೂರ್ವವೆಂಬ ನಾಮದಿಂದ ಹತ್ತನೆಯ ತರಗತಿ ಮುಗಿದೊಡನೆಯೇ ಎದುರಾಗುತ್ತದೆ. 625 ಅಂಕಗಳ ಎಸ್ಸೆಸ್ಸೆಲ್ಸಿ, ಅದರಾಚೆಗೆ 600 ಅಂಕಗಳ ದ್ವಿತೀಯ ಪಿಯುಸಿ, ಅದಕ್ಕೆ ಹೊಂದಿಕೊಂಡೇ 1994ರಿಂದ ನಡೆದುಬಂದಿರುವ ಸಿಇಟಿ, ಅತ್ತ ವೈದ್ಯರಾಗಬಯಸುವವರಿಗೆ ನೀಟ್, ಹೀಗೆ ಒಂದರ ಹಿಂದೊಂದು ಬರುವ ಕಣಿವೆಗಳ ದಾರಿಯಿದು. ಹದಿನಾರು ತುಂಬಿದ ಮಕ್ಕಳನ್ನು ಮಿತ್ರರಂತೆ ಕಾಣಬೇಕೆಂದು ನೀತಿಕಾರರು ಹೇಳಿರುವುದು ದಿಟವೇ. ಆದರೆ ಹದಿನಾರು ತುಂಬುವುದು ಎಸ್ಸೆಸ್ಸೆಲ್ಸಿಯ ಫಲಿತಾಂಶ ಹೊರಬೀಳುವ ಆಸುಪಾಸಿನಲ್ಲಿ, ಅಷ್ಟು ಹೊತ್ತಿಗೆ ತಂದೆಯು ಯಾವುದೋ ಹಾಸ್ಟೆಲ್ ಸಹಿತ ಪಿಯು ಕಾಲೇಜಿಗೆ ಮುಂಗಡವನ್ನು ಕಟ್ಟಿ ರಸೀದಿಯನ್ನು ಜೋಪಾನ ಮಾಡಿರುತ್ತಾನಾದ್ದರಿಂದ, ಮಿತ್ರನೊಡನೆ ಸಮಾಲೋಚಿಸುವುದಕ್ಕೆ ಸಮಾಲೋಚ್ಯವಾದ ವಸ್ತುವೇ ಉಳಿದಿರುವುದಿಲ್ಲ.

ಮೀಮಾಂಸಕರ ಕ್ರಮದಲ್ಲಿ ವಿಷಯವಾದ ಮೇಲೆ ಸಂಶಯ ಬರಬೇಕು. ನಮ್ಮ ಅಧಿಕಾರಿಗಳಿಗಾದರೋ ಸಂಶಯವು ಎಂಟನೆಯ ತರಗತಿಯಿಂದಲೇ ಆರಂಭವಾಗಿರುವುದರಿಂದ, ನೇರವಾಗಿ ಪೂರ್ವಪಕ್ಷಗಳಿಗೆ ಹೋಗಬಹುದು. ಇವುಗಳಲ್ಲಿ ಮಾತೃಪಂಥ ಮತ್ತು ಪಿತೃಪಂಥಗಳೆಂಬ ಎರಡು ಪ್ರಬಲವಾದವು.

ಮಾತೃಪಂಥದವರ ಮತದಲ್ಲಿ ಜವಾಬ್ದಾರಿಯು ಬ್ರಾಹ್ಮೀಮುಹೂರ್ತದಲ್ಲಿ ಜನಿಸುವ ವಸ್ತು. ಮಗುವನ್ನು ಐದು ಗಂಟೆಗೆ ಎಬ್ಬಿಸಿ, ಹಾರ್ಲಿಕ್ಸ್ ಕೊಟ್ಟು, ಮೇಜಿನ ಮುಂದೆ ಕೂರಿಸಿ, ಮತ್ತೆ ತೂಕಡಿಸಿತೇ ಎಂದು ನೋಡುವುದಕ್ಕೆ ಬಾಗಿಲ ಸಂದಿಯಲ್ಲಿ ನಿಲ್ಲುವುದು ಈ ಪಂಥದ ನಿತ್ಯಕರ್ಮ. “ಎಷ್ಟು ದಿನ ಅಂತ ನಾನೇ ಎಬ್ಬಿಸಲಿ, ನಿನಗೇ ಜವಾಬ್ದಾರಿ ಬರಬಾರದೇ?” ಎಂಬುದು ಇವರ ಪ್ರಾತಃಸ್ತೋತ್ರ. ಎಬ್ಬಿಸದೆ ಬಿಟ್ಟರೆ ಏನಾಗುವುದೆಂಬ ಪರೀಕ್ಷೆಯನ್ನು ಈ ಪಂಥದವರು ಎಂದೂ ಕೈಗೊಂಡವರಲ್ಲ. ಕೈಗೊಂಡು ಮಗು ತಾನಾಗಿ ಎದ್ದುಬಿಟ್ಟರೆ ತಮ್ಮ ಗತಿಯೇನೆಂಬ ಭಯವು ಅವ್ಯಕ್ತವಾಗಿ ಇದ್ದೀತೆಂದು ನಮ್ಮ ಊಹೆ.

ಪಿತೃಪಂಥವು ಇದಕ್ಕಿಂತ ಸೂಕ್ಷ್ಮವಾದುದು, ಮತ್ತು ಅದರ ಆರಾಧ್ಯಮೂರ್ತಿಯು ಫೈಲು. ತುಮಕೂರಿನದಾದರೂ ಆಗಬಹುದು, ದಾವಣಗೆರೆಯದಾದರೂ ಆಗಬಹುದು, ಮಧ್ಯಮವರ್ಗದ ಯಾವ ಮನೆಯ ಬೀರುವನ್ನು ತೆರೆದರೂ ಕೆಳಗಣ ಖಾನೆಯಲ್ಲಿ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಗಳ ಗರ್ಭಗೃಹದಲ್ಲಿ ಇದು ವಿರಾಜಮಾನವಾಗಿರುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಎಲ್ಲೆಲ್ಲಿ ಓದಿತೆಂಬ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮೀಸಲಾತಿಯನ್ನೋ ಕನ್ನಡ ಮಾಧ್ಯಮದ ಮೀಸಲಾತಿಯನ್ನೋ ಬೇಡುವವರಾದರೆ ಅದಕ್ಕೆ ಬಿಇಒ ಸಾಹೇಬರ ಮೇಲುರುಜು, ನಾಡಕಚೇರಿಯಿಂದ ಪಡೆದ, ಆರ್‌ಡಿ ಸಂಖ್ಯೆಯುಳ್ಳ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಆಧಾರ್, ಇಷ್ಟಕ್ಕೂ ತಲಾ ನಾಲ್ಕು ಜೆರಾಕ್ಸ್, ಮತ್ತು ಮಗುವಿನ ಮುಖದಲ್ಲಿ ಅಪರಾಧಿಯ ಕಳೆ ಮೂಡಿರುವ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು. ಮೂಲಪ್ರತಿಗಳ ಲ್ಯಾಮಿನೇಷನ್ ಶಾಸ್ತ್ರಸಮ್ಮತವೇ ಅಲ್ಲವೇ ಎಂಬ ಬಗ್ಗೆ ಈ ಪಂಥದೊಳಗೇ ಎರಡು ಶಾಖೆಗಳುಂಟು, ಅವು ಪರಸ್ಪರ ಮಾತನಾಡುವುದಿಲ್ಲ. ಫೈಲಿನ ಅರ್ಚಕನಾದ ತಂದೆಯು ಅದನ್ನು ತಿಂಗಳಿಗೊಮ್ಮೆ ಹೊರತೆಗೆದು, ಧೂಳೊರೆಸಿ, ಅನುಕ್ರಮವನ್ನು ಪರಿಶೀಲಿಸಿ, “ಇದೆಲ್ಲ ಯಾರಿಗಾಗಿ ಮಾಡ್ತಿದ್ದೀನಿ ಅನ್ನೋದು ಈ ಹುಡುಗಿಗೆ ಗೊತ್ತಾದರೆ ಸಾಕು” ಎಂದು ನಿಟ್ಟುಸಿರುಬಿಟ್ಟು, ಹುಡುಗಿಯ ಕೈಗೆ ಸಿಗದ ಎತ್ತರದಲ್ಲಿ ಬೀಗದ ಕೈಯನ್ನು ಇಡುತ್ತಾನೆ.

ಇವೆರಡಲ್ಲದೆ ಮೂರನೆಯದಾಗಿ ಅಜ್ಜಿಯ ಮತವೊಂದುಂಟು. ಹಜಾರದ ಮೂಲೆಯಲ್ಲಿ ಅವರೆಕಾಳು ಸುಲಿಯುತ್ತ ಆಕೆ, “ಅವಳೇ ಮಾಡ್ಕೋತಾಳೆ ಬಿಡ್ರೋ” ಎನ್ನುತ್ತಾಳೆ. ಉಪಪತ್ತಿಗಳಿಲ್ಲದ ಮತವಾದ್ದರಿಂದ ಎರಡು ಪಂಥದವರೂ ಇದನ್ನು ಖಂಡಿಸುವ ಗೋಜಿಗೇ ಹೋಗಿಲ್ಲ.

ಈ ಪಂಥಗಳೆರಡೂ ಒಮ್ಮತಕ್ಕೆ ಬರುವ ಒಂದು ಸಂದರ್ಭವುಂಟು. ಅದಕ್ಕೆ ಭಾರಹಸ್ತಾಂತರ ಸಂಸ್ಕಾರವೆಂದು ಹೆಸರಿಡಬಹುದು. ಷೋಡಶ ಸಂಸ್ಕಾರಗಳ ಪಟ್ಟಿಯಲ್ಲಿ ಇದು ಸೇರಿಲ್ಲವಾದರೂ ಈಗಿನ ಆಚರಣೆಯಲ್ಲಿ ಸರ್ವವ್ಯಾಪಕವಾಗಿದೆ. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಮನೆಗೆ ಬಂದ ಸಂಜೆ ಮಗುವನ್ನು ಸೋಫಾದ ನಡುವೆ ಕುಳ್ಳಿರಿಸಿ, ಟಿವಿಯನ್ನು ಆರಿಸಿ, ತಂದೆಯು ಗಂಭೀರಸ್ವರದಲ್ಲಿ, “ನೋಡು ಪುಟ್ಟಿ, ಇನ್ನು ಮೇಲೆ ನಿನ್ನ ಓದು ನಿನ್ನ ಜವಾಬ್ದಾರಿ. ನಾವು ಏನೂ ಹೇಳೋದಿಲ್ಲ” ಎಂದು ಘೋಷಿಸುವುದು ಇದರ ಪೂರ್ವಾಂಗ. ಏನೂ ಹೇಳದಿರುವ ವಿಷಯವಾಗಿ ಊಟದ ಹೊತ್ತಿನವರೆಗೂ ಹೇಳುವುದು ಮಧ್ಯಮಾಂಗ. ಮರುದಿನ ಬೆಳಗ್ಗೆ ಫ್ರಿಜ್ಜಿನ ಬಾಗಿಲಿನ ಮೇಲೆ, ತಂದೆಯೇ ಕಚೇರಿಯ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ತಂದ, ಮೂರು ಬಣ್ಣಗಳ ವೇಳಾಪಟ್ಟಿಯು ಪ್ರಕಟವಾಗುವುದು ಉತ್ತರಾಂಗ. ಹೊಣೆ ಹೊತ್ತವಳು ಆ ಪಟ್ಟಿಯಲ್ಲಿ ತಾನು ಯಾವಾಗ ಸ್ನಾನ ಮಾಡತಕ್ಕದ್ದೆಂಬುದನ್ನು ಓದಿ ತಿಳಿದುಕೊಳ್ಳುತ್ತಾಳೆ. ದಾನ ಮಾಡಿದ ಗೋವಿನ ಹಗ್ಗವನ್ನು ಕೈಯಲ್ಲೇ ಹಿಡಿದುಕೊಂಡು, ಪ್ರತಿಗ್ರಹೀತನು ಅದನ್ನು ಮನೆಗೆ ಹೊಡೆದುಕೊಂಡು ಹೋಗುತ್ತಿಲ್ಲವೆಂದು ಆಕ್ಷೇಪಿಸುವ ಯಜಮಾನನಿಗೆ ಧರ್ಮಶಾಸ್ತ್ರದಲ್ಲಿ ಯಾವ ಫಲವನ್ನು ಹೇಳಿದೆಯೋ ನಾವು ಹುಡುಕಿ ನೋಡಲಿಲ್ಲ.

ಇಲ್ಲಿಗೆ ಪೂರ್ವಪಕ್ಷಗಳು ಮುಗಿದವು. ಜವಾಬ್ದಾರಿಯು ಒಂದು ಮನೆಯಲ್ಲಿ ವಸ್ತುತಃ ಯಾರ ಬಳಿ ಇದೆಯೆಂಬುದನ್ನು ಭಾಷಣದಿಂದಲೂ ವೇಳಾಪಟ್ಟಿಯಿಂದಲೂ ನಿರ್ಣಯಿಸಲಾಗದೆಂದ ಮೇಲೆ ಅದಕ್ಕೆ ಪ್ರಮಾಣವಾವುದು? ಪ್ರತ್ಯಕ್ಷ, ಅನುಮಾನ, ಶಬ್ದವೆಂಬ ಪ್ರಸಿದ್ಧ ಪ್ರಮಾಣಗಳು ಇಲ್ಲಿ ಕುಂಠಿತವಾಗುವುದರಿಂದ, ನಾವು ಹೊಸದೊಂದನ್ನು ಪ್ರತಿಪಾದಿಸುವ ಸಾಹಸವನ್ನು ಮಾಡಿದ್ದೇವೆ. ಅದು ಓಟಿಪಿ ಪ್ರಮಾಣ. ಅರ್ಜಿಯಲ್ಲಿ ಯಾರ ಮೊಬೈಲ್ ಸಂಖ್ಯೆಯು ನೋಂದಾಯಿತವಾಗಿದೆಯೋ, ಓಟಿಪಿಯು ಯಾರ ಜೇಬಿನಲ್ಲಿ ಕಂಪಿಸುತ್ತದೆಯೋ, ಕಾಲೇಜಿಗೆ ಸೇರುತ್ತಿರುವವರು ಅವರೇ. ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂಬ ದೋಷತ್ರಯವು ತಗುಲುವುದಿಲ್ಲ. ಹದಿನೆಂಟು ತುಂಬದವರಿಗೆ ಅವರ ಹೆಸರಿನಲ್ಲಿ ಸಿಮ್ ಕೊಡುವುದಿಲ್ಲವಲ್ಲಾ ಎಂದು ತಂದೆಯು ಆಕ್ಷೇಪಿಸಬಹುದು. ದಿಟ, ಆದರೆ ಹೆಸರು ತಂದೆಯದಾಗಿ ಹಸ್ತವು ಮಗಳದಾಗಿರುವ ಸಿಮ್ಮುಗಳು ಲೋಕದಲ್ಲಿ ಧಾರಾಳವಾಗಿರುವುದರಿಂದ ಈ ಆಕ್ಷೇಪವು ನಿಲ್ಲುವುದಿಲ್ಲ.

ಇದರ ವಿಪರ್ಯಾಸವು ಸೀಟು ಹಂಚಿಕೆಯ ಪರ್ವಕಾಲದಲ್ಲಿ ಪೂರ್ಣರೂಪದಲ್ಲಿ ಗೋಚರಿಸುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತಗಳ ಅಂಕವನ್ನು ಅರ್ಧವಾಗಿಯೂ ಸಿಇಟಿಯ ಅಂಕವನ್ನು ಅರ್ಧವಾಗಿಯೂ ಕೂಡಿಸುತ್ತಾರೆಂದು ಅರಿತ ತಂದೆಯು, ಗಣಿತವನ್ನು ತೊರೆದು ದಶಕಗಳೇ ಸಂದಿದ್ದರೂ, ಹಾಲಿನ ಲೆಕ್ಕದ ಡೈರಿಯ ಹಿಂದಣ ಪುಟದಲ್ಲಿ ಮಗಳ ರ‍್ಯಾಂಕನ್ನು ಗಣಿಸುತ್ತಾನೆ. ಪರೀಕ್ಷಾ ಪ್ರಾಧಿಕಾರವು ಹಂಚಿದ ಸೀಟನ್ನು ಒಪ್ಪಿ ಕಾಲೇಜಿಗೆ ಸೇರುವುದು ಮೊದಲನೆಯ ಚಾಯ್ಸು, ಒಪ್ಪಿಯೂ ಮುಂದಿನ ಸುತ್ತಿಗೆ ಕಾಯುವುದು ಎರಡನೆಯದು, ಒಪ್ಪದೆ ಕಾಯುವುದು ಮೂರನೆಯದು, ಒಪ್ಪದೆ ಹೊರಟುಹೋಗುವುದು ನಾಲ್ಕನೆಯದು. ಈ ಚತುಷ್ಕೋಟಿಯ ಮುಂದೆ ಸೋದರಮಾವ, ಕಚೇರಿಯ ಸಹೋದ್ಯೋಗಿ, ಮತ್ತು ಕಳೆದ ವರ್ಷ ಮಗನನ್ನು ಸೇರಿಸಿದ ಎದುರುಮನೆಯವರು ಸೇರಿ ಮಧ್ಯರಾತ್ರಿಯವರೆಗೆ ವಾಕ್ಯಾರ್ಥ ನಡೆಸುತ್ತಾರೆ. ಸೀಟು ಯಾರ ಹೆಸರಿಗೆ ಬಂದಿದೆಯೋ ಆಕೆ ಅಡುಗೆಮನೆಯಲ್ಲಿ ಸಭಾಸದರಿಗೆ ಚಹಾ ಸೋಸುತ್ತಿರುತ್ತಾಳೆ.

ಸಿದ್ಧಾಂತವನ್ನು ಹೇಳುವುದಾದರೆ, ಪ್ರಾಧಿಕಾರವು ತಂದೆಗಿಂತ ಒಳ್ಳೆಯ ಶಿಕ್ಷಣತಜ್ಞವೆಂದು ಹೇಳಬೇಕಾಗುತ್ತದೆ. ಅದು ನಿಜವಾದ ಹಂಚಿಕೆಗೆ ಮುನ್ನ ಅಣಕು ಹಂಚಿಕೆಯೊಂದನ್ನು ಪ್ರಕಟಿಸಿ, ನೀನು ತುಂಬಿದ ಆಯ್ಕೆಗಳ ಪರಿಣಾಮ ಹೀಗಿದೆ, ಬೇಕಾದರೆ ತಿದ್ದಿಕೋ ಎಂದು ಅವಕಾಶ ಕೊಡುತ್ತದೆ. ಮನೆಗಳಲ್ಲಿ ಅಣಕು ಹಂಚಿಕೆಯಿಲ್ಲ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಒಂದೇ ಒಂದನ್ನು ಕಳೆಯುತ್ತಾರೆ. ಮನೆಯಲ್ಲಿ ಕಳೆಯುವುದಕ್ಕೆ ಮೇರೆಯೇ ಇಲ್ಲ, ಏಳನೆಯ ತರಗತಿಯ ತಪ್ಪಿಗೆ ಪಿಯುಸಿಯಲ್ಲೂ ಕಳೆಯುವ ಸಂಪ್ರದಾಯವಿದೆ. ಆದ್ದರಿಂದ ಒಂಬತ್ತನೆಯ ತರಗತಿಯಲ್ಲೇ, ತಪ್ಪಿದರೆ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ನಷ್ಟವಾಗದ ಕಾರ್ಯಗಳನ್ನು ಮಗುವಿಗೆ ಬಿಡತಕ್ಕದ್ದು. ಹಳೆಯ ಪ್ರಾಥಮಿಕ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರವನ್ನು ಆಕೆಯೇ ಕೇಳಲಿ. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದಾರೆಂದು ಬರಿಗೈಯಲ್ಲಿ ಬರಲಿ. ಎರಡನೆಯ ಸಲ ಜೆರಾಕ್ಸ್ ಮರೆತು ಬರಲಿ. ಈ ಅವಧಿಯಲ್ಲಿ ತಂದೆಯು ಆಚರಿಸಬೇಕಾದ ವ್ರತವು ಒಂದೇ: ಸ್ಕೂಟರಿನ ಕೀಲಿಯನ್ನು ಮುಟ್ಟದೆ ಕುರ್ಚಿಯಲ್ಲಿ ಕುಳಿತಿರುವುದು. ಏಕಾದಶಿಯ ನಿರ್ಜಲೋಪವಾಸವನ್ನು ನಿರ್ವಿಘ್ನವಾಗಿ ಮುಗಿಸಿದವರೂ ಈ ವ್ರತದಲ್ಲಿ ಅರ್ಧಗಂಟೆಗೆ ಭಂಗಗೊಂಡುದನ್ನು ನಾವು ಕಂಡಿದ್ದೇವೆ. ಪಿಸಿಎಂಬಿ ತೆಗೆದುಕೊಂಡರೆ ಎರಡು ಬಾಗಿಲೂ ತೆರೆದಿರುತ್ತವೆಂದು ಊರೆಲ್ಲ ಹೇಳುತ್ತಿರುವಾಗ ಆಕೆ ವಾಣಿಜ್ಯಶಾಸ್ತ್ರವೆಂದರೆ, ಒಡನೆಯೇ ಎದೆಯ ಮೇಲೆ ಕೈಯಿಟ್ಟುಕೊಳ್ಳದೆ, ಏಕೆಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯುವುದು ಇದರ ಉದ್ಯಾಪನೆ.

ಇಂತಹ ವ್ರತಸ್ಥನೊಬ್ಬನು, ಮಗಳು ಸಿಇಟಿ ಅರ್ಜಿ ತುಂಬುವ ದಿನ ಬಂದಾಗ, ಸಂಕಲ್ಪಪೂರ್ವಕವಾಗಿ ಬೀರುವಿನ ಬೀಗ ತೆಗೆದು ಫೈಲನ್ನು ಆಕೆಯ ಕೈಗಿತ್ತನು. ಆಕೆ ಅದನ್ನು ಮೇಜಿನ ಮೇಲಿಟ್ಟು, ಬಿಚ್ಚದೆಯೇ, ಆರ್‌ಡಿ ಸಂಖ್ಯೆಯನ್ನು ಕಂಠಪಾಠದಿಂದ ತುಂಬಿದಳು. ಅದರೊಳಗಣ ಸಮಸ್ತ ಪತ್ರಗಳ ಚಿತ್ರಗಳೂ ಎರಡು ವರ್ಷದಿಂದ ಆಕೆಯ ಫೋನಿನಲ್ಲಿದ್ದವು, ಬೀಗದ ಕೈಯನ್ನು ಅಜ್ಜಿ ಎಂದೋ ಇಳಿಸಿಕೊಟ್ಟಿದ್ದಳು. ಮೊಬೈಲ್ ಸಂಖ್ಯೆಯ ಕಲಮಿನಲ್ಲಿ ಆಕೆ ತನ್ನ ಬಳಿಯಿದ್ದ ಸಂಖ್ಯೆಯನ್ನೇ ಕೊಟ್ಟುದನ್ನು ಭುಜದ ಮೇಲಿಂದ ಇಣುಕಿ ಕಂಡ ತಂದೆಯು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ನಂಬರಿಗೆ ಇನ್ನು ಏನೂ ಬರೋದಿಲ್ವೇನಮ್ಮ?” ಎಂದು ಕೇಳಿದನು.

“ಬರುತ್ತಲ್ಲಪ್ಪಾ, ಫೀಸು ಕಟ್ಟುವಾಗ” ಎಂದಳು ಮಗಳು. ಓಟಿಪಿ ಪ್ರಮಾಣಕ್ಕೆ ಇದರಿಂದ ಬಾಧೆಯುಂಟೇ ಎಂಬ ಚರ್ಚೆಯು ಬ್ಯಾಂಕುಗಳ ಶಾಸ್ತ್ರಕ್ಕೆ ಸೇರಿದ್ದಾದ್ದರಿಂದ ಇಲ್ಲಿ ಅಪ್ರಸ್ತುತ.