ಖೋಲಿಯವರ ಮಾತೂ ದಾಖಲಾಗಲಿ

ಕಾರವಾರ ಮತ್ತು ಅಂಕೋಲೆಯಲ್ಲಿ ಮನೆ, ಜಾಗ ಉಳ್ಳ ಬಂಧುಗಳೇ,

ಊರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ಪರಿಷ್ಕರಣೆಗೆ ಬಂದಾಗ ಕಚೇರಿಗೆ ಹೋಗಿ ನಕ್ಷೆ ಬಿಡಿಸಿ ನೋಡುವವರು ನೀವು. ನಮ್ಮ ಸರ್ವೆ ನಂಬರಿನ ಮೇಲೆ ರಸ್ತೆ ಹಾದಿದೆಯೇ, ತೆಂಗಿನ ತೋಟ ಯಾವ ವಲಯಕ್ಕೆ ಸೇರಿದೆ ಎಂದು ಹುಡುಕಿ ತಕರಾರು ಬರೆಯುತ್ತೀರಿ. ಬರೆಯಲೇಬೇಕು. ನಾನು ಈ ಪತ್ರ ಬರೆಯುತ್ತಿರುವುದು ಆ ನಕ್ಷೆಯಲ್ಲಿ ಒಂದೂ ಸರ್ವೆ ನಂಬರು ಇಲ್ಲದವರಿಗಾಗಿ. ಬೈತಖೋಲ ಬಂದರಿನ ಬೋಟುಗಳಲ್ಲಿ ಬಲೆ ಎಳೆಯುವ ಹೊರರಾಜ್ಯದ ಹುಡುಗರು, ಕೈಗಾ ಅಣುಸ್ಥಾವರದ ಮತ್ತು ನೌಕಾನೆಲೆಯ ಗುತ್ತಿಗೆ ಕೆಲಸಗಾರರು, ಕಾರವಾರದ ವೈದ್ಯಕೀಯ ಕಾಲೇಜಿಗೂ ಮಾಜಾಳಿಯ ಎಂಜಿನಿಯರಿಂಗ್ ಕಾಲೇಜಿಗೂ ಬಂದ ವಿದ್ಯಾರ್ಥಿಗಳು, ಅಂಕೋಲೆಯ ಗೋಖಲೆ ಸೆಂಟೆನರಿ ಕಾಲೇಜಿಗೆ ಘಟ್ಟದ ಬುಡದ ಹಳ್ಳಿಗಳಿಂದ ಬರುವ ಮಕ್ಕಳು. ಇವರಲ್ಲಿ ಬಹಳ ಮಂದಿ ಇರುವುದು ಪೀಜಿಗಳಲ್ಲಿ, ನಾಲ್ಕಾರು ಜನ ಸೇರಿ ಹಿಡಿದ ಖೋಲಿಗಳಲ್ಲಿ, ತಗಡಿನ ಲೇಬರ್ ಶೆಡ್ಡುಗಳಲ್ಲಿ.

ಇವರು ಒಂದೇ ಖೋಲಿಯಲ್ಲಿ ಒತ್ತಿಕೊಂಡಿರುವುದಕ್ಕೆ ನಮ್ಮ ನೆಲದ ಸ್ಥಿತಿಯೂ ಕಾರಣ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ಉತ್ತರ ಕನ್ನಡದ ಬಹುಪಾಲು ಕಾಡು. ದಂಡೆಗೆ ಕರಾವಳಿ ನಿಯಂತ್ರಣ ವಲಯದ ಕಟ್ಟಳೆಗಳಿವೆ. ಉಳಿದ ಪಟ್ಟಿಯಲ್ಲಿ ಅರ್ಗಾದಿಂದ ಹಾರವಾಡದ ಕಡೆಗೆ 11 ಸಾವಿರಕ್ಕೂ ಹೆಚ್ಚು ಎಕರೆ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಹೋಯಿತು. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್ಎಸ್ ಕದಂಬ ಸೇವೆಗೆ ಬಂತು, ನಡುವೆ ನಾಲ್ಕು ಸಾವಿರದಷ್ಟು ಕುಟುಂಬಗಳು ಮನೆಮಠ ಬಿಟ್ಟವು. ನೆಲೆ ಬೆಳೆಯುತ್ತಲೇ ಇದೆ. ಕೈಗಾದಲ್ಲಿ ಐದು ಮತ್ತು ಆರನೇ ಘಟಕಗಳ ಕೆಲಸ ಹಿಡಿದಿದೆ. ಕೇಣಿಯಲ್ಲಿ ಬಂದರು, ಅಲಗೇರಿಯಲ್ಲಿ ವಿಮಾನ ನಿಲ್ದಾಣ ಎನ್ನುತ್ತಿದ್ದಾರೆ. ಕೇಣಿಯ ಮೀನುಗಾರರು ಬಂದರನ್ನು ವಿರೋಧಿಸುತ್ತಿದ್ದಾರೆ, ಅವರ ಹೋರಾಟಕ್ಕೆ ನನ್ನ ಬೆಂಬಲವಿದೆ. ಆದರೆ ಯಾವ ಯೋಜನೆ ಬಂದರೂ ಅದರ ಹಿಂದೆ ಸಾವಿರಾರು ದುಡಿಯುವ ಕೈಗಳು ಬರುತ್ತವೆ. ಆ ಕೈಗಳ ಒಡೆಯರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಗೆ ಮಹಾಯೋಜನೆಯ ವಲಯ ನಿಯಮಾವಳಿಯಲ್ಲಿ ಉತ್ತರ ಇರಬೇಕು.

ಆ ಉತ್ತರ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ 13ನೇ ಪ್ರಕರಣದ ಪ್ರಕಾರ ಮಹಾಯೋಜನೆ ಪ್ರಕಟವಾದ 60 ದಿನಗಳೊಳಗೆ ಸಾರ್ವಜನಿಕರಲ್ಲಿ ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ಕೊಡಬಹುದು, ಯೋಜನಾ ಪ್ರಾಧಿಕಾರ ಅದನ್ನು ಪರಿಶೀಲಿಸಲೇಬೇಕು. ಜಾಗದ ಒಡೆಯನಾಗಿರಬೇಕು, ಇಲ್ಲಿನ ಮತದಾರನಾಗಿರಬೇಕು ಎಂಬ ಷರತ್ತು ಅದರಲ್ಲಿ ಇಲ್ಲ. ಬಾಡಿಗೆ ಖೋಲಿಯ ನರ್ಸಿಂಗ್ ವಿದ್ಯಾರ್ಥಿನಿಗೂ ಬೋಟಿನ ಹುಡುಗನಿಗೂ ನಿಮ್ಮಷ್ಟೇ ಹಕ್ಕು. ಕಷ್ಟ ಇರುವುದು ‘ಲಿಖಿತವಾಗಿ’ ಎಂಬಲ್ಲಿ. ಕನ್ನಡ ಬಾರದವನು, ಮೀನಿನ ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗುವವನು, ಪ್ರಕಟಣೆ ಬಂದ ಪತ್ರಿಕೆಯನ್ನು ಕಾಣದವನು ಏನು ಬರೆದಾನು? ಮಳೆಗಾಲದಲ್ಲಿ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಈ 60 ದಿನ ಬಂದರೆ ಬೈತಖೋಲದಲ್ಲಿ ಕೇಳುವುದಕ್ಕೂ ಜನ ಸಿಗುವುದಿಲ್ಲ.

ಹೀಗಾಗಿ ಹಂಚಿಕೆಯ ವಸತಿಯ ಬಗ್ಗೆ ಊರಿನಲ್ಲಿ ಕೇಳುವ ದನಿ ಒಂದೇ: ‘ಫ್ಯಾಮಿಲಿಗೆ ಮಾತ್ರ.’ ಕಾಜುಬಾಗದಲ್ಲಿ, ಹಬ್ಬುವಾಡದಲ್ಲಿ, ಅಜ್ಜಿಕಟ್ಟಾದಲ್ಲಿ ಮನೆ ಇರುವವರ ದೂರಿನಲ್ಲಿ ಸತ್ಯ ಇಲ್ಲವೆಂದು ನಾನು ಹೇಳುವುದಿಲ್ಲ. ನಮ್ಮದು ಬಾವಿಯ ನೀರು ಕುಡಿಯುವ ಊರು. ನಾಲ್ಕು ಜನರಿಗೆಂದು ತೋಡಿದ ಸೆಪ್ಟಿಕ್ ಟ್ಯಾಂಕಿಗೆ ಇಪ್ಪತ್ತು ಜನರ ನೀರು ಬಿಟ್ಟರೆ ಅದು ಉಸುಕು ನೆಲದಲ್ಲಿ ಇಳಿದು ಪಕ್ಕದ ಬಾವಿ ಸೇರುತ್ತದೆ. ಮಳೆಗಾಲದಲ್ಲಿ ಟ್ಯಾಂಕೇ ಉಕ್ಕುತ್ತದೆ. ಬಾವಿ ಕೆಟ್ಟವರಿಗೆ ಸಿಟ್ಟು ಬರುವುದು ನ್ಯಾಯ. ಆದರೆ ಆ ತಪ್ಪು ಖೋಲಿಯಲ್ಲಿ ಮಲಗುವವನದಲ್ಲ. ತಲೆಗಿಷ್ಟು ಎಂದು ಬಾಡಿಗೆ ಎಣಿಸಿಕೊಂಡು ಟ್ಯಾಂಕು ದೊಡ್ಡದು ಮಾಡದವರದು, ಎಷ್ಟು ತಲೆಗೆ ಎಷ್ಟು ಜಾಗ ಎಂದು ನಿಯಮ ಬರೆಯದವರದು. ನಿಷೇಧಿಸಿದರೆ ಖೋಲಿಗಳು ಮುಚ್ಚುವುದಿಲ್ಲ, ಲೆಕ್ಕದಿಂದ ಮರೆಯಾಗುತ್ತವೆ. ಆಮೇಲೆ ಬಾವಿಯ ದೂರನ್ನೂ ಯಾರೂ ಕೇಳುವುದಿಲ್ಲ.

ನಮ್ಮ ಮಕ್ಕಳೂ ಹೊರಗೆ ಇರುವುದು ಹೀಗೆಯೇ. ಗೋವೆಯ ಕಾರ್ಖಾನೆ ಕೆಲಸಕ್ಕೆ ಹೋದವರು, ಬೆಂಗಳೂರಿನ ಪೀಜಿಯಲ್ಲಿರುವವರು, ಕೊಲ್ಲಿ ದೇಶಗಳ ಕ್ಯಾಂಪುಗಳಲ್ಲಿ ಬಂಕು ಮಂಚದ ಮೇಲೆ ಮಲಗುವವರು ನಮ್ಮ ಕರಾವಳಿಯವರೇ. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತಾಗ, ಹೊರಹೋಗಲು ಸರಿಯಾದ ದಾರಿ ಇರಲಿಲ್ಲವೇ ಎಂದು ನಾವೆಲ್ಲ ಕೇಳಿದೆವು. ಅದೇ ವರ್ಷ ಜುಲೈಯಲ್ಲಿ ಬೆಂಗಳೂರಿನ ಕೋರಮಂಗಲದ ಪೀಜಿಯೊಂದರಲ್ಲಿ ಯುವತಿಯ ಕೊಲೆಯಾಯಿತು. ಮರುತಿಂಗಳು ಅಲ್ಲಿನ ಪಾಲಿಕೆ ಪೀಜಿಗಳಿಗೆ ಮಾರ್ಗಸೂಚಿ ತಂದಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ, ಪರವಾನಗಿ. ಒಂದು ಜೀವ ಹೋದ ಮೇಲೆ ಬಂದ ನಿಯಮ ಅದು. ನಮ್ಮ ಎರಡು ಊರುಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಗುಡ್ಡದ ಮಾತನ್ನೂ ಬಿಡುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಜರಿದಾಗ ಸತ್ತವರಲ್ಲಿ ಚಹದಂಗಡಿಯ ಕುಟುಂಬದವರಿದ್ದರು, ದಾರಿಯಲ್ಲಿ ದಣಿವಾರಿಸಿಕೊಳ್ಳಲು ಲಾರಿ ನಿಲ್ಲಿಸಿದ್ದ ಚಾಲಕರಿದ್ದರು. ಕಡಿದ ಗುಡ್ಡದ ಬುಡದ ಜಾಗ ಅಗ್ಗಕ್ಕೆ ಸಿಗುತ್ತದೆ, ಶೆಡ್ಡುಗಳು ಏಳುವುದೂ ಅಂಥಲ್ಲೇ. ಅಲ್ಲಿ ಯಾರೂ ಮಲಗಕೂಡದು ಎಂಬ ಒಂದು ಸಾಲು ವಲಯ ನಿಯಮದಲ್ಲಿ ಬಂದರೆ ಅದೇ ಎಷ್ಟೋ ಜೀವ ಉಳಿಸೀತು.

ಮುಂದಿನ ಪರಿಷ್ಕರಣೆ ಬಂದಾಗ ನಿಮ್ಮ ತಕರಾರು ಅರ್ಜಿಯ ಕೊನೆಗೆ ಇಷ್ಟನ್ನು ಸೇರಿಸಿ. ಪೀಜಿ, ಹಾಸ್ಟೆಲ್, ಕಾರ್ಮಿಕರ ವಸತಿ ಮೂರನ್ನೂ ನಿಯಮಾವಳಿಯಲ್ಲಿ ಹೆಸರಿಟ್ಟು, ಆಸ್ಪತ್ರೆ, ಕಾಲೇಜು, ಬಂದರಿಗೆ ನಡೆದು ಹೋಗುವಷ್ಟು ಹತ್ತಿರದ ವಸತಿ ವಲಯಗಳಲ್ಲಿ ಅವಕಾಶ ಕೊಡಿ. ತಲೆಗಿಷ್ಟು ಜಾಗ, ನೀರು, ಶೌಚಾಲಯ, ಜನರ ಲೆಕ್ಕಕ್ಕೆ ತಕ್ಕ ಸೆಪ್ಟಿಕ್ ಟ್ಯಾಂಕು, ಬಾವಿಯಿಂದ ದೂರ, ಬೆಂಕಿ ಬಿದ್ದರೆ ಹೊರಬರಲು ಎರಡನೇ ದಾರಿ ಕಡ್ಡಾಯವಾಗಲಿ. ದೊಡ್ಡ ಗುತ್ತಿಗೆ ತಂದವರು ಕೆಲಸ ಶುರು ಮಾಡುವ ಮೊದಲೇ ಕಾರ್ಮಿಕರ ವಸತಿಯ ನಕ್ಷೆ ತೋರಿಸಲಿ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲೋ ಹತ್ತಿರದಲ್ಲೋ ಉಚಿತ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕೇಂದ್ರ ಕಾಯ್ದೆಯೇ ಹೇಳಿತ್ತು. ಅಭಿಪ್ರಾಯ ಕೇಳುವ ಸಭೆ ಕಚೇರಿಯಲ್ಲಷ್ಟೇ ಅಲ್ಲ, ಬೈತಖೋಲ ಬಂದರಿನಲ್ಲಿ, ಕೈಗಾ ಕಡೆಯ ಮಲ್ಲಾಪುರದಲ್ಲಿ, ಕಾಲೇಜಿನ ಅಂಗಳದಲ್ಲಿ, ಸಂಜೆ ಕೆಲಸ ಬಿಟ್ಟ ಮೇಲೆ ನಡೆಯಲಿ. ಬಾಯಿಮಾತಿನಲ್ಲಿ ಕೊಂಕಣಿ, ಹಿಂದಿ, ಒಡಿಯಾದಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಅಲ್ಲೊಬ್ಬರು ಕೂರಲಿ.

ನಿಮ್ಮ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗೆ ಇರುವವರಿಗೂ ಒಂದು ಹಾಳೆ, ಒಂದು ಪೆನ್ನು ಕೊಡಿ. ಅವರು ಹೇಳಿದ್ದನ್ನು ಬರೆದು, ಅವರ ಸಹಿ ಹಾಕಿಸಿ, ನಿಮ್ಮ ಅರ್ಜಿಯ ಜೊತೆಗೇ ಕಚೇರಿಗೆ ಮುಟ್ಟಿಸಿ ಸ್ವೀಕೃತಿ ಪಡೆಯಿರಿ.

ಇಂತಿ,
ಇದೇ ಜಿಲ್ಲೆಯ ಒಬ್ಬ ನಿವಾಸಿ