ಜೀತವಿಲ್ಲ ಎಂದು ಸಹಿ ಹಾಕಿದ್ದೇವೆ

ಬ್ರಿಟನ್ನಿನಲ್ಲಿ 2015ರಿಂದ ಒಂದು ಕಾಯ್ದೆ ಇದೆ. ವರ್ಷಕ್ಕೆ 3.6 ಕೋಟಿ ಪೌಂಡು ವಹಿವಾಟು ಮುಟ್ಟಿದ ಕಂಪನಿ, ತನಗೆ ಮಾಲು ಬರುವ ದಾರಿಯಲ್ಲಿ ಎಲ್ಲೂ ಜೀತ ನುಸುಳದಂತೆ ಏನು ಮಾಡಿದೆ ಎಂದು ಪ್ರತಿವರ್ಷ ಹೇಳಿಕೆ ಹೊರಡಿಸಬೇಕು. ಆಡಳಿತ ಮಂಡಳಿ ಒಪ್ಪಬೇಕು, ನಿರ್ದೇಶಕರೊಬ್ಬರು ಸಹಿ ಹಾಕಬೇಕು. ಏನೂ ಮಾಡಿಲ್ಲವೇ? ಗಾಬರಿ ಬೇಡ. 'ಏನೂ ಮಾಡಿಲ್ಲ' ಎಂದು ಬರೆದರೂ ಕಾಯ್ದೆ ಪಾಲಿಸಿದಂತೆಯೇ. ನಮ್ಮ ಶಾಲೆ ಮಕ್ಕಳಿಗೆ ಹೋಂವರ್ಕಿನಲ್ಲಿ ಈ ಸವಲತ್ತು ಇನ್ನೂ ಸಿಕ್ಕಿಲ್ಲ.

ಕೇರಳದ ವಯನಾಡಿನ ಹಳಬರಿಗೆ ಇಂಥ ವಾರ್ಷಿಕ ಶಾಸ್ತ್ರ ಹೊಸದೇನಲ್ಲ. ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವಿನಲ್ಲಿ ಮೀನ ಮಾಸದ ಜಾತ್ರೆಗೆ ಜಮೀನ್ದಾರರು ಬಂದು ಆದಿವಾಸಿಗಳಾದ ಅಡಿಯರನ್ನೂ ಪಣಿಯರನ್ನೂ ಒಂದು ವರ್ಷಕ್ಕೆ ಗೊತ್ತು ಮಾಡಿಕೊಂಡು ಹೋಗುತ್ತಿದ್ದರು. ಕೈಗೆ ನಿಲ್ಪು ಪಣ ಎಂಬ ಮುಂಗಡ, ಎದುರಿಗೆ ದೇವಿ, ಬಾಯಲ್ಲಿ ಆಣೆ. ಮೇಲಿನವರ ಒಪ್ಪಿಗೆ, ಬದ್ಧತೆ, ವಾರ್ಷಿಕ ನವೀಕರಣ, ಲಂಡನ್ ಕೇಳುವುದೆಲ್ಲ ಅಲ್ಲಿತ್ತು. ಜೀತವಿಲ್ಲ ಎಂಬ ನಟನೆ ಮಾತ್ರ ಇರಲಿಲ್ಲ. ಆಣೆ ತಪ್ಪಿದವನನ್ನು ದೇವಿಯೇ ನೋಡಿಕೊಳ್ಳುತ್ತಾಳೆಂಬ ನಂಬಿಕೆಯಿದ್ದುದರಿಂದ ಕಾವಲುಗಾರನ ಸಂಬಳವೂ ಉಳಿತಾಯ.

ಹೇಳಿಕೆಗಳ ಮಾತು ಬಂತಲ್ಲ, ಇನ್ನೊಂದನ್ನೂ ನೆನೆಯಬೇಕು. ಅಡಿಯ, ಪಣಿಯ ಜನರನ್ನು ಸಂಘಟಿಸಲು ಹೊರಟ ನಕ್ಸಲೀಯ ಎ. ವರ್ಗೀಸ್ 1970ರ ಫೆಬ್ರವರಿ 18ರಂದು ತಿರುನೆಲ್ಲಿ ಕಾಡಿನಲ್ಲಿ ಸತ್ತರು. ಎನ್‌ಕೌಂಟರ್ ಎಂದಿತು ಪೊಲೀಸ್ ಹೇಳಿಕೆ. ಹಿಡಿದು ತಂದವನಿಗೆ ಮೇಲಿನವರ ಮಾತಿನಂತೆ ನಾನೇ ಗುಂಡು ಹೊಡೆದೆ ಎಂದು ಕಾನ್‌ಸ್ಟೆಬಲ್ ರಾಮಚಂದ್ರನ್ ನಾಯರ್ ಬಾಯಿ ಬಿಟ್ಟದ್ದು 1998ರಲ್ಲಿ. ಆ ಆಜ್ಞೆ ಕೊಟ್ಟರೆಂದು ಮಾಜಿ ಐಜಿ ಕೆ. ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆಯಾದದ್ದು 2010ರಲ್ಲಿ. ಸಹಿ ಬಿದ್ದ ಹೇಳಿಕೆಗೆ ಆಯುಸ್ಸು ಜಾಸ್ತಿ.

ಈಗ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಬಳೆ, ಬತ್ತಾಸು ಅಷ್ಟೆ. ಆಳಿನ ಮಾತುಕತೆ ಆದಿವಾಸಿಗಳ ಹಾಡಿಯ ಬಾಗಿಲಿಗೇ ಬಂದಿದೆ. ವಯನಾಡಿನ ಬೆಳೆಗಾರರು ಕೊಡಗಿನಲ್ಲಿ, ಎಚ್.ಡಿ. ಕೋಟೆ ಕಡೆಯಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಾರೆ, ಆಳನ್ನೂ ತಮ್ಮ ಕಡೆಯಿಂದಲೇ ಕರೆತರುತ್ತಾರೆ. ಮೇಸ್ತ್ರಿ ಜೀಪು ನಿಲ್ಲಿಸಿ ಒಂದಿಷ್ಟು ಮುಂಗಡ ಕೊಡುತ್ತಾನೆ. ಲೆಕ್ಕ ಅವನ ಪುಸ್ತಕದಲ್ಲಿ. ಸಾಲ ಬೆಳೆಯುವುದೂ ತೀರುವುದೂ ಅವನ ಪೆನ್ನಿಗೆ ಬಿಟ್ಟದ್ದು. ಹಾಗೆ ಹೋದವರಲ್ಲಿ ಕೆಲವರು ಹೆಣವಾಗಿ ಮರಳಿದ್ದು, ಸತ್ತದ್ದು ಹೇಗೆಂದು ಮನೆಯವರು ಕೇಳುತ್ತಲೇ ಇರುವುದು ಪತ್ರಿಕೆಗಳಲ್ಲಿ ಬಂದಿದೆ.

ಕೇರಳ-ಕರ್ನಾಟಕ ಗಡಿಯ ಬಾವಲಿ ಚೆಕ್‌ಪೋಸ್ಟಿನಲ್ಲಿ ಮರದ ದಿಮ್ಮಿ ದಾಟಬೇಕಾದರೆ ಪರ್ಮಿಟ್ ಬೇಕು. ಮನುಷ್ಯರಿಗೂ ಕಾಗದ ಇರಲಿ ಎಂದು 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. 2025ರವರೆಗೆ ಜಾರಿಯಲ್ಲಿದ್ದ ಅದರ ಪ್ರಕಾರ ಐದು ಜನರಿಗಿಂತ ಕಡಿಮೆ ಇಲ್ಲದ ತಂಡ ಕರೆದೊಯ್ಯುವ ಗುತ್ತಿಗೆದಾರನಿಗೆ ಲೈಸೆನ್ಸು, ಪ್ರತಿ ಕಾರ್ಮಿಕನಿಗೆ ಫೋಟೊ ಅಂಟಿಸಿದ ಪಾಸ್‌ಬುಕ್ ಬೇಕಿತ್ತು. ತಂಡದಲ್ಲಿ ನಾಲ್ಕೇ ಜನ ಎಂದು ಪುಸ್ತಕದಲ್ಲಿ ಬರೆದರೆ ಕಾಯ್ದೆಗೆ ಕಣ್ಣೇ ಕಾಣುತ್ತಿರಲಿಲ್ಲ. ಗಣಿತ ಬಲ್ಲವನೇ ಮೇಸ್ತ್ರಿ!

ಅತ್ತ ಐರೋಪ್ಯ ಒಕ್ಕೂಟ ಕಾಡು ಉಳಿಸಲು 2023ರಲ್ಲಿ ಮಾಡಿದ ನಿಯಮ, ತನ್ನಲ್ಲಿಗೆ ಬರುವ ಕಾಫಿ ಬೆಳೆದ ತುಂಡು ನೆಲದ ಅಕ್ಷಾಂಶ, ರೇಖಾಂಶ ಕೇಳುತ್ತದೆ. ಒಳ್ಳೆಯದೇ. ಗಿಡ ಎಲ್ಲಿದೆ ಎಂಬುದು ಬ್ರಸೆಲ್ಸಿಗೆ ಗೊತ್ತಾಗಬೇಕು. ಹಣ್ಣು ಕುಯ್ದವಳ ಮೇಲೆ ಎಷ್ಟು ಮುಂಗಡ ಬಾಕಿ ಇದೆ ಎಂಬುದು ಗೊತ್ತಿರುವುದು ಮೇಸ್ತ್ರಿಗೆ ಮಾತ್ರ. ಅವನ ಪುಸ್ತಕವನ್ನು ಆಡಿಟ್ ಮಾಡಲು ವಿದೇಶದಿಂದ ಯಾರೂ ವಿಮಾನ ಹತ್ತಿಲ್ಲ.

ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇವಕ್ಕಿಂತ ಗಟ್ಟಿ. ಜೀತದ ಸಾಲವೇ ರದ್ದು. ಇದು ಜೀತವಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಜಿಲ್ಲೆಗೊಂದು ಜಾಗೃತಿ ಸಮಿತಿ ಬೇರೆ. ಅಪರಾಧಿಗೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ದಂಡದ ಗರಿಷ್ಠ ಮೊತ್ತ 2,000 ರೂಪಾಯಿ. ಕಂಪನಿಯ ಹೇಳಿಕೆಗೆ ಬಣ್ಣದ ರಕ್ಷಾಪುಟ ಮಾಡಿಸಲು ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ.